ಕೊಯ್ದು ತೆಗೆಯುವ ಮುನ್ನ: ಮುಂದೊಗಲಿನ ಉರಿಯೂತದ ಒಂದು ಪ್ರಕರಣ ಅಧ್ಯಯನ

ರೋಗಿ ಮತ್ತು ದೂರು

47 ವರ್ಷದ ಈ ರೋಗಿ ಮಧ್ಯ ಕರ್ನಾಟಕದವರು, ವೃತ್ತಿಯಲ್ಲಿ ಲಾರಿ ಚಾಲಕರು. ಗುರುತು ಸಿಗಬಾರದೆಂದು ಊರಿನ ಮತ್ತು ಮನೆಮಂದಿಯ ವಿವರಗಳನ್ನು ಬಿಟ್ಟಿದ್ದೇನೆ. ಚರ್ಮರೋಗ ವಿಭಾಗಕ್ಕೆ ಅವರು ಬಂದದ್ದು ಕಾಯಿಲೆ ತೋರಿಸುವುದಕ್ಕಿಂತ ಹೆಚ್ಚಾಗಿ, ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಒಂದು ಚೀಟಿ ಬರೆಸಿಕೊಳ್ಳುವುದಕ್ಕೆ. ಎಂಟು ತಿಂಗಳಿಂದ ಅವರಿಗೆ ಶಿಶ್ನದ ತುದಿಯಲ್ಲಿ ತುರಿಕೆ ಮತ್ತು ಉರಿ ಇತ್ತು; ಆಗಾಗ ಮೊಸರಿನಂಥ ಬಿಳಿ ಪದರ ಕಟ್ಟುತ್ತಿತ್ತು; ಆ ತುದಿಯನ್ನು ಮುಚ್ಚುವ ಚರ್ಮದ, ಎಂದರೆ ಮುಂದೊಗಲಿನ, ಅಂಚು ಅಲ್ಲಲ್ಲಿ ಸೀಳುತ್ತಿತ್ತು. ಎರಡು ತಿಂಗಳಿಂದೀಚೆಗೆ ಮುಂದೊಗಲು ಮೊದಲಿನಂತೆ ಪೂರ್ತಿ ಹಿಂದಕ್ಕೆ ಸರಿಯುತ್ತಿರಲಿಲ್ಲ, ಬಲವಂತ ಮಾಡಿದರೆ ಅಂಚು ಹರಿದು ರಕ್ತ ಜಿನುಗುತ್ತಿತ್ತು. ಮೂತ್ರ ಮಾಡುವಾಗ ಒಳಗಡೆ ನೋವಿಲ್ಲ, ಆದರೆ ಹನಿಗಳು ಸೀಳಿದ ಚರ್ಮಕ್ಕೆ ತಾಗಿದೊಡನೆ ಉರಿ. ಸಂಭೋಗ ನೋವಿನದಾದ ಮೇಲೆ ದಂಪತಿ ಅದನ್ನು ಕೈಬಿಟ್ಟಿದ್ದರು.

ಇಷ್ಟನ್ನು ಹೇಳುವುದಕ್ಕೆ ಅವರು ಸಾಕಷ್ಟು ಹೊತ್ತು ತೆಗೆದುಕೊಂಡರು. ಗಂಡಸರು ಈ ಜಾಗದ ತೊಂದರೆಯನ್ನು ಮೊದಲು ಸಹೋದ್ಯೋಗಿಗೆ, ಆಮೇಲೆ ಮೆಡಿಕಲ್ ಶಾಪಿನವನಿಗೆ, ಕಟ್ಟಕಡೆಗೆ ವೈದ್ಯರಿಗೆ ಹೇಳುವ ಕ್ರಮ ನಮ್ಮಲ್ಲಿ ಬದಲಾಗಿಲ್ಲ. ಇವರೂ ಅದೇ ದಾರಿಯಲ್ಲಿ ಬಂದಿದ್ದರು. ಜೊತೆಯ ಚಾಲಕರೊಬ್ಬರು ಸುನ್ನತಿ ಮಾಡಿಸಿಕೊಂಡರೆ ಎಲ್ಲವೂ ಒಮ್ಮೆಗೇ ಮುಗಿಯುತ್ತದೆ ಎಂದಿದ್ದರಂತೆ. ಇವರ ಮಾತು ಹೀಗಿತ್ತು: "ಸಾರ್, ದಿನಾ ಎರಡು ಹೊತ್ತು ತೊಳೀತೀನಿ, ಆದ್ರೂ ಹಿಂಗೇ ಆಗ್ತದೆ. ಈ ಚರ್ಮ ಇರೋವರೆಗೂ ಕ್ಲೀನಾಗಿರೋಕೆ ಆಗಲ್ಲ. ಕುಯ್ದು ತೆಗೆಸಿಬಿಡಿ."

ಮುಂದೊಗಲು ಸ್ವಭಾವತಃ ಕೊಳೆ ಕೂಡಿಡುವ, ಬೇಡದ ಚರ್ಮ ಎಂಬ ಈ ನಂಬಿಕೆ ಅವರೊಬ್ಬರದಲ್ಲ. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದೂ ಅದಕ್ಕಾಗಿಯೇ. ದಿನಕ್ಕೆ ಎರಡು ಹೊತ್ತು ತೊಳೆಯುವ ಮನುಷ್ಯನಿಗೆ ಕೊಳೆಯಿಂದ ಕಾಯಿಲೆ ಬಂದಿದೆ ಎಂಬ ಮಾತಿನಲ್ಲೇ ಏನೋ ಹೊಂದುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಕಂಡದ್ದು

ಮುಂದೊಗಲಿನ ಅಂಚು ಕೆಂಪಾಗಿ, ಸ್ವಲ್ಪ ಊದಿಕೊಂಡಿತ್ತು. ಅಂಚಿನ ಸುತ್ತ ನಾಲ್ಕೈದು ಕಡೆ ಒಳಮುಖವಾಗಿ ಸಣ್ಣ ಸೀಳುಗಳಿದ್ದವು. ಎರಡು ಹಸಿಯಾಗಿದ್ದವು, ಉಳಿದವು ಮಾಯುವ ಹಂತದಲ್ಲಿದ್ದವು. ಮಾಯುತ್ತಿದ್ದ ಸೀಳುಗಳ ಜಾಗದಲ್ಲಿ ಚರ್ಮ ಬೆರಳಿಗೆ ಗಡುಸಾಗಿ ಸಿಗುತ್ತಿತ್ತು. ಹರಿಯುವುದು, ಕಲೆಗಟ್ಟಿ ಮಾಯುವುದು, ಕಲೆ ಹಿಗ್ಗದ ಕಾರಣ ಮತ್ತೆ ಅಲ್ಲೇ ಹರಿಯುವುದು ಎಂಬ ಚಕ್ರ ಆಗಲೇ ಶುರುವಾಗಿತ್ತು ಎಂಬುದಕ್ಕೆ ಇದು ಗುರುತು. ನಿಧಾನವಾಗಿ ಸರಿಸಿದಾಗ ಮುಂದೊಗಲು ಅರ್ಧದಷ್ಟು ಹಿಂದೆ ಹೋಯಿತು. ಕಂಡಷ್ಟು ಭಾಗದಲ್ಲಿ ಶಿಶ್ನಮಣಿ (ಶಿಶ್ನದ ತುದಿಯ ಗುಂಡು ಭಾಗ) ಹೊಳೆಯುವಂಥ ಕೆಂಪು ಬಣ್ಣಕ್ಕೆ ತಿರುಗಿತ್ತು, ಸಣ್ಣ ಸಣ್ಣ ಕೆಂಪು ಗುಳ್ಳೆಗಳಿದ್ದವು, ಒಳಪದರದ ಮಡಿಕೆಯಲ್ಲಿ ಬಿಳಿ ಲೇಪವಿತ್ತು. ಲೇಪವನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಸೂಕ್ಷ್ಮದರ್ಶಕದಡಿ ನೋಡಿದಾಗ ಮೊಗ್ಗೊಡೆಯುವ ಯೀಸ್ಟ್ ಕೋಶಗಳೂ ಉದ್ದನೆಯ ಎಳೆಗಳೂ ಕಂಡವು. ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಎಂಬುದು ಅಲ್ಲಿಗೆ ಖಚಿತವಾಯಿತು.

ಕಾಣದಿದ್ದ ಕೆಲವು ಲಕ್ಷಣಗಳೂ ಇಲ್ಲಿ ಮುಖ್ಯ. ಲೈಕೆನ್ ಸ್ಕ್ಲೆರೋಸಸ್ ಎಂಬ ಕಾಯಿಲೆಯಲ್ಲಿ ಮುಂದೊಗಲಿನ ಅಂಚು ಬೆಳ್ಳಗಾಗಿ, ತೆಳುವಾಗಿ, ಉಂಗುರದಂತೆ ಬಿಗಿಯುತ್ತದೆ. ಆ ಬಿಳುಪು ಇವರಲ್ಲಿ ಇರಲಿಲ್ಲ. ಗಡ್ಡೆಯಾಗಲಿ ಮಾಯದ ಹುಣ್ಣಾಗಲಿ ಇರಲಿಲ್ಲ, ತೊಡೆಸಂದಿಯ ದುಗ್ಧಗ್ರಂಥಿಗಳು ದೊಡ್ಡದಾಗಿರಲಿಲ್ಲ. ಒಪ್ಪಿಗೆ ಪಡೆದು ಮಾಡಿಸಿದ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳೆರಡೂ ನೆಗೆಟಿವ್ ಬಂದವು. ಲಾರಿ ಚಾಲಕರೆಂದೊಡನೆ ಲೈಂಗಿಕ ರೋಗವೆಂದು ಊಹಿಸಿಬಿಡುವ ಚಾಳಿ ವೈದ್ಯರಲ್ಲೂ ಇದೆ. ಈ ಊಹೆಯನ್ನು ಮೊದಲೇ ಪರೀಕ್ಷೆಗೆ ಒಡ್ಡಿ ಬದಿಗಿಡುವುದು ರೋಗಿಯ ಮರ್ಯಾದೆಗೂ ಒಳ್ಳೆಯದು, ರೋಗನಿರ್ಣಯಕ್ಕೂ ಒಳ್ಳೆಯದು.

ಈ ಚರ್ಮ ಮಾಡುವ ಕೆಲಸ

ಚಿಕಿತ್ಸೆಗೆ ಹೋಗುವ ಮುನ್ನ ರೋಗಿಗೆ ವಿವರಿಸಿದ ಸಂಗತಿಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ತೊಂದರೆ ಎಲ್ಲಿಂದ ಶುರುವಾಯಿತು ಎಂಬುದು ಇದರಿಂದಲೇ ತಿಳಿಯುತ್ತದೆ.

ಮುಂದೊಗಲು ಎರಡು ಪದರಗಳ ಮಡಿಕೆ. ಹೊರಪದರ ಶಿಶ್ನದ ಉಳಿದ ಚರ್ಮದಂತೆಯೇ ಇದೆ. ಒಳಪದರ ತೆಳು, ತೇವ, ನುಣುಪು. ರಚನೆಯಲ್ಲಿ ಅದು ತುಟಿಯ ಒಳಭಾಗದಂಥ ಲೋಳೆಪೊರೆಗೆ ಹತ್ತಿರವಾದದ್ದು. ಎರಡರ ನಡುವೆ ಡಾರ್ಟಸ್ ಎಂಬ ನಯ ಸ್ನಾಯುವಿನ ಎಳೆಗಳೂ ಹಿಗ್ಗಿ ಕುಗ್ಗುವ ತಂತುಗಳೂ ಇವೆ. ಹಿಂದಕ್ಕೆ ಸರಿಸಿದ ಮುಂದೊಗಲು ತಾನಾಗಿಯೇ ಮುಂದೆ ಬಂದು ಶಿಶ್ನಮಣಿಯನ್ನು ಮುಚ್ಚುವುದೂ, ತುದಿಯ ಬಾಯಿ ಹಿತವಾಗಿ ಕೂಡಿಕೊಳ್ಳುವುದೂ ಇವುಗಳಿಂದ. ಕೆನಡಾದ ವಿನ್ನಿಪೆಗ್‌ನ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಅಂಗರಚನಾ ಅಧ್ಯಯನವೊಂದು, ಒಳಪದರ ಹೊರಪದರಗಳು ಸೇರುವ ಕಡೆ ಸುತ್ತಲೂ ಗೆರೆಗೆರೆಯಾದ ಒಂದು ಪಟ್ಟಿಯಿರುವುದನ್ನೂ, ನವಿರಾದ ಸ್ಪರ್ಶವನ್ನು ಗ್ರಹಿಸುವ ನರತುದಿಗಳು ಆ ಪಟ್ಟಿಯಲ್ಲಿ ಹೇರಳವಾಗಿರುವುದನ್ನೂ ತೋರಿಸಿತು. ಈ ರೋಗಿಗೆ ಇಷ್ಟು ಸಣ್ಣ ಸೀಳುಗಳಿಂದ ಅಷ್ಟೊಂದು ನೋವಾಗುತ್ತಿದ್ದುದು ಅವು ಬಿದ್ದಿದ್ದ ಜಾಗದಿಂದ.

ರಕ್ಷಣೆ ಎಂದರೆ ಮುಖ್ಯವಾಗಿ ಇಷ್ಟು: ಶಿಶ್ನಮಣಿಯ ಮೇಲ್ಮೈ ಮತ್ತು ಮೂತ್ರರಂಧ್ರದ ಬಾಯಿ ಬಟ್ಟೆಯ ಉಜ್ಜಾಟಕ್ಕೆ, ಒಣಗುವುದಕ್ಕೆ, ಹೊರಗಿನ ಕಸಕ್ಕೆ ನೇರವಾಗಿ ಸಿಗುವುದಿಲ್ಲ. ಡಯಾಪರ್ ಅಥವಾ ಲಂಗೋಟಿಯಲ್ಲಿ ಮಲಮೂತ್ರದೊಂದಿಗೆ ಗಂಟೆಗಟ್ಟಲೆ ಇರುವ ಕೂಸಿನಲ್ಲಿ ಇದು ಎದ್ದು ಕಾಣುತ್ತದೆ. ಮೂತ್ರರಂಧ್ರದ ಬಾಯಿ ಹುಣ್ಣಾಗಿ, ಕಾಲಕ್ರಮೇಣ ಕಿರಿದಾಗುವ ತೊಂದರೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಸುನ್ನತಿಯಾದ ಮಕ್ಕಳಲ್ಲೇ. ಮುಂದೊಗಲಿರುವ ಮಕ್ಕಳಲ್ಲಿ ಅದು ಬಹಳ ಅಪರೂಪ. ಅದೇ ಹೊತ್ತಿಗೆ, ಹಸುಳೆ ಗಂಡುಮಕ್ಕಳಲ್ಲಿ ಮೂತ್ರದ ಸೋಂಕು ಸುನ್ನತಿಯಾದವರಲ್ಲಿ ಕಡಿಮೆ ಎಂಬುದೂ ನಿಜ. ಆದರೆ ಆರೋಗ್ಯವಂತ ಕೂಸುಗಳಲ್ಲಿ ಅಂಥ ಒಂದು ಸೋಂಕನ್ನು ತಪ್ಪಿಸಲು ಸುಮಾರು 111 ಸುನ್ನತಿಗಳು ಬೇಕಾಗುತ್ತವೆ ಎಂದು 2005ರ ಒಂದು ವಿಶ್ಲೇಷಣೆ ಲೆಕ್ಕ ಹಾಕಿದೆ. ಮೂತ್ರನಾಳದ ಹುಟ್ಟು ದೋಷವಿರುವ ಮಗುವಿನಲ್ಲಿ ಈ ಲೆಕ್ಕ ಬೇರೆ, ಅಲ್ಲಿ ನಿರ್ಧಾರವೂ ಬೇರೆಯಾಗಬಹುದು.

ಇನ್ನು ಸ್ಮೆಗ್ಮಾ. ಮುಂದೊಗಲಿನ ಒಳಗೆ ಕಾಣುವ ಬಿಳಿಯ ಮೆತ್ತನೆಯ ವಸ್ತುವನ್ನು ನಮ್ಮ ರೋಗಿ ಕೀವು ಎಂದೇ ತಿಳಿದಿದ್ದರು. ಅದು ಕೀವಲ್ಲ, ಒಳಪದರ ಮತ್ತು ಶಿಶ್ನಮಣಿಯಿಂದ ಉದುರಿದ ಮೇಲ್ಪದರದ ಕೋಶಗಳು, ತೇವ ಮತ್ತು ಜಿಡ್ಡು ಕೂಡಿದ ವಸ್ತು. ಹೆಣ್ಣುಮಕ್ಕಳ ಜನನಾಂಗದ ಮಡಿಕೆಗಳಲ್ಲೂ ಅದು ಆಗುತ್ತದೆ. ಸ್ವಲ್ಪ ಮಟ್ಟಿಗೆ ಎರಡು ಮೇಲ್ಮೈಗಳ ನಡುವಿನ ಜಾರಿಕೆಗೆ ಅದು ನೆರವಾಗುತ್ತದೆ, ವಾರಗಟ್ಟಲೆ ತೊಳೆಯದೆ ಬಿಟ್ಟರೆ ಗಟ್ಟಿಯಾಗಿ ವಾಸನೆ ಹಿಡಿದು ಕೆರಳಿಸುತ್ತದೆ. ಹಾಗೆ ಆಗದಿರಲು ಬೇಕಾಗುವುದು ನೀರು. ಮುಂದೊಗಲಿನಲ್ಲಿ ರೋಗಾಣುಗಳನ್ನು ಕೊಲ್ಲುವ ವಿಶೇಷ ದ್ರವಗಳು ಸುರಿಯುತ್ತಿರುತ್ತವೆ ಎಂಬ ಉತ್ಸಾಹದ ಬರಹಗಳೂ ಓದಲು ಸಿಗುತ್ತವೆ. ಅದಕ್ಕೆ ಸಿಕ್ಕಿರುವ ಪುರಾವೆ ದುರ್ಬಲವಾದ್ದರಿಂದ ರೋಗಿಗಳಿಗೆ ನಾನು ಆ ಮಾತು ಹೇಳುವುದಿಲ್ಲ. ಮುಚ್ಚುವುದು, ತೇವ ಕಾಯುವುದು, ಸರಾಗವಾಗಿ ಸರಿಯುವುದು, ತನ್ನ ಹಳೆಯ ಕೋಶಗಳನ್ನು ಉದುರಿಸಿ ನೀರಿಗೆ ಬಿಟ್ಟುಕೊಡುವುದು, ಇಷ್ಟನ್ನು ಹೇಳಿದರೂ ಸಾಲುತ್ತದೆ.

ತೊಳೆಯುವ ಬಗೆಯನ್ನು ಕೇಳಿದಾಗ

"ಸ್ವಚ್ಛವಾಗಿಟ್ಟುಕೊಳ್ಳಿ" ಎಂದು ಹೇಳುವುದು ಸುಲಭ, ಆದರೆ ಹೇಗೆ ತೊಳೆಯುತ್ತೀರಿ ಎಂದು ಹಂತಹಂತವಾಗಿ ಕೇಳಿದರೆ ಮಾತ್ರ ನಿಜಸಂಗತಿ ಹೊರಬರುತ್ತದೆ. ಮೊದಲ ತುರಿಕೆ ಶುರುವಾದಾಗ ಅವರು ಸ್ನಾನದ ಸೋಪನ್ನು ಮುಂದೊಗಲಿನ ಒಳಕ್ಕೆ ಹಚ್ಚಿ ಉಜ್ಜತೊಡಗಿದರು. ತುರಿಕೆ ಹೆಚ್ಚಾಯಿತು. ಹೆಚ್ಚಾದದ್ದು ಕೊಳೆಯಿಂದಲೇ ಎಂದುಕೊಂಡು ದಿನಕ್ಕೆ ಎರಡು ಬಾರಿ ಮಾಡಿದರು. ಆಮೇಲೆ, ಗಾಯ ತೊಳೆಯಲೆಂದು ಮನೆಯಲ್ಲಿಟ್ಟಿದ್ದ ನಂಜುನಿರೋಧಕ ದ್ರಾವಣವನ್ನು ನೀರಿಗೆ ಹಾಕಿಕೊಂಡು ತೊಳೆದರು. ಉರಿಯಿತು, ಉರಿದದ್ದೇ ಕ್ರಿಮಿ ಸಾಯುತ್ತಿರುವುದಕ್ಕೆ ಸಾಕ್ಷಿಯೆಂದು ಇನ್ನಷ್ಟು ಹಾಕಿದರು. ತೊಳೆದ ಮೇಲೆ ಒರೆಸುತ್ತಿರಲಿಲ್ಲ, ಒದ್ದೆಯಲ್ಲೇ ನೈಲಾನ್ ಒಳಚಡ್ಡಿ ಹಾಕಿಕೊಂಡು ಹತ್ತು ಹನ್ನೆರಡು ಗಂಟೆ ಎಂಜಿನ್ನಿನ ಬಿಸಿಯಲ್ಲಿ ಕೂರುತ್ತಿದ್ದರು. ಬೆವರಿಗೆಂದು ಪೌಡರನ್ನೂ ಉದುರಿಸಿಕೊಳ್ಳುತ್ತಿದ್ದರು. ಪೌಡರು ಮಡಿಕೆಯಲ್ಲಿ ಒದ್ದೆಯೊಂದಿಗೆ ಸೇರಿ ಗಂಟುಗಟ್ಟುತ್ತಿತ್ತು. ಆ ಗಂಟುಗಳನ್ನು ಬೆಳಿಗ್ಗೆ ಉಗುರಿನಿಂದ ಕೆರೆದು ತೆಗೆಯುತ್ತಿದ್ದರು.

ಒಳಪದರಕ್ಕೆ ಅಂಗೈ ಚರ್ಮದಂಥ ಗಡುಸು ಮೇಲ್ಪದರವಿಲ್ಲ. ಸೋಪು ಅದರ ಜಿಡ್ಡನ್ನು ತೆಗೆದುಬಿಡುತ್ತದೆ, ಚರ್ಮ ಒಣಗಿ ಬಿರುಕು ಬಿಡುತ್ತದೆ, ಬಿರುಕಿಗೆ ಮೂತ್ರ ತಾಗಿ ಉರಿಯುತ್ತದೆ. ಉರಿಯನ್ನು ಕೊಳೆಯೆಂದು ತಿಳಿದು ಮತ್ತೆ ಸೋಪು ಹಾಕಿದರೆ ಸುತ್ತು ಮುಗಿಯುವುದೇ ಇಲ್ಲ. ಮತ್ತೆ ಮತ್ತೆ ಈ ಭಾಗದ ಉರಿಯೂತಕ್ಕೆ ತುತ್ತಾಗುತ್ತಿದ್ದ 43 ಗಂಡಸರನ್ನು ಪರೀಕ್ಷಿಸಿದ 1993ರ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, 72 ಶೇಕಡ ಮಂದಿಯ ತೊಂದರೆ ಸೋಂಕಾಗಿರದೆ ಕೆರಳಿಕೆಯಿಂದಾದ ಚರ್ಮದ ಉರಿಯೂತವಾಗಿತ್ತು. ಅವರಲ್ಲಿ ಅಲರ್ಜಿಯ ಹಿನ್ನೆಲೆಯೂ, ಸೋಪಿನಿಂದ ಪದೇಪದೇ ತೊಳೆಯುವ ಅಭ್ಯಾಸವೂ ಹೆಚ್ಚಾಗಿದ್ದವು. ಸೋಪು ಬಿಡಿಸಿ ಮೃದುಲೇಪ ಹಚ್ಚಿಸಿದಾಗ ಬಹುತೇಕರಿಗೆ ಹತೋಟಿಗೆ ಬಂತು. ನಮ್ಮ ರೋಗಿಯಲ್ಲಿ ಸೋಂಕೂ ಇತ್ತು, ಕೆರಳಿಕೆಯೂ ಇತ್ತು. ಎರಡರಲ್ಲಿ ಯಾವುದು ಮೊದಲು ಎಂದು ಎಂಟು ತಿಂಗಳ ನಂತರ ಬಿಡಿಸಿ ಹೇಳಲು ಬರುವುದಿಲ್ಲ.

"ತುಟಿಯ ಒಳಗಡೆ ದಿನಾ ಎರಡು ಸಲ ಬಟ್ಟೆ ಸೋಪು ಹಾಕಿ ಉಜ್ಜಿಕೊಂಡರೆ ಏನಾಗುತ್ತದೆ ಹೇಳಿ" ಎಂದು ಕೇಳಿದೆ. ಅವರು ನಕ್ಕರು. ಅಂದಿನ ಮಾತುಕತೆಯಲ್ಲಿ ಅವರು ಸಡಿಲವಾದದ್ದು ಆಗಲೇ.

ಸಕ್ಕರೆ

ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ ಎಂಬ ಪ್ರಶ್ನೆಗೆ ಮೂರ್ನಾಲ್ಕು ಸಲ ಎಂಬ ಉತ್ತರ ಬಂತು. ಬಾಯಾರಿಕೆಗೆ ಬಿಸಿಲು ಕಾರಣ ಎಂದುಕೊಂಡಿದ್ದರು, ತೂಕ ಇಳಿದದ್ದಕ್ಕೆ ಹೊತ್ತಲ್ಲದ ಹೊತ್ತಿನ ಊಟ ಕಾರಣ ಎಂದುಕೊಂಡಿದ್ದರು. ಬೆರಳು ಚುಚ್ಚಿ ನೋಡಿದಾಗ ರಕ್ತದ ಸಕ್ಕರೆ ಡೆಸಿಲೀಟರಿಗೆ 312 ಮಿಲಿಗ್ರಾಂ ಇತ್ತು. ಮರುದಿನ ಖಾಲಿ ಹೊಟ್ಟೆಯಲ್ಲಿ 198, ಮೂರು ತಿಂಗಳ ಸರಾಸರಿ ಸೂಚಿಸುವ ಎಚ್‌ಬಿಎ1ಸಿ 10.4. ಖಾಲಿ ಹೊಟ್ಟೆಯಲ್ಲಿ 126, ಎಚ್‌ಬಿಎ1ಸಿ 6.5 ಮುಟ್ಟಿದರೆ ಅಥವಾ ದಾಟಿದರೆ ಮಧುಮೇಹ ಎಂದು ಪರಿಗಣಿಸಲಾಗುತ್ತದೆ. ಇವರಿಗೆ ಸಕ್ಕರೆ ಕಾಯಿಲೆ ಬಂದು ತಿಂಗಳುಗಳೇ ಕಳೆದಿರಬೇಕು, ಹೇಳಿಕೊಟ್ಟದ್ದು ಮಾತ್ರ ಮುಂದೊಗಲು.

ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡಗಳು ಅದನ್ನೆಲ್ಲ ಹಿಡಿದಿಟ್ಟುಕೊಳ್ಳಲಾರದೆ ಮೂತ್ರಕ್ಕೆ ಬಿಡುತ್ತವೆ. ಮೂತ್ರ ಮಾಡಿದ ಮೇಲೆ ಮಡಿಕೆಯಲ್ಲಿ ಉಳಿಯುವ ಒಂದೆರಡು ಹನಿ ಆರೋಗ್ಯವಂತನಲ್ಲಿ ಲೆಕ್ಕಕ್ಕೇ ಬಾರದು. ಆ ಹನಿಯಲ್ಲಿ ಸಕ್ಕರೆಯಿದ್ದರೆ, ಬೆಚ್ಚಗಿನ ತೇವದ ಜಾಗದಲ್ಲಿ, ದೇಹದ ಮೇಲೆ ಮಾಮೂಲಾಗಿ ಅಲ್ಪಸ್ವಲ್ಪ ಇದ್ದುಕೊಂಡಿರುವ ಕ್ಯಾಂಡಿಡಾಕ್ಕೆ ಅದೇ ಆಹಾರ. ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳ ಕೆಲಸವೂ ಕುಂದುತ್ತದೆ, ಗಾಯ ಮಾಯುವುದೂ ನಿಧಾನ. ನಡುವಯಸ್ಸಿನವರೆಗೆ ಸರಾಗವಾಗಿ ಸರಿಯುತ್ತಿದ್ದ ಮುಂದೊಗಲು ಹೊಸದಾಗಿ ಬಿಗಿಯತೊಡಗಿದರೆ, ಅದರಲ್ಲೂ ಅಂಚಿನಲ್ಲಿ ಸೀಳುಗಳಿದ್ದರೆ, ಮೊದಲು ಸಕ್ಕರೆ ನೋಡಬೇಕು ಎಂಬುದು ಚರ್ಮರೋಗ ಕಲಿಯುವವರಿಗೆ ಆರಂಭದಲ್ಲೇ ಹೇಳುವ ಪಾಠ. ಈ ರೋಗಿಯನ್ನು ನೇರವಾಗಿ ಶಸ್ತ್ರಚಿಕಿತ್ಸೆಗೆ ಕಳಿಸಿದ್ದರೆ, ಎಚ್‌ಬಿಎ1ಸಿ 10.4 ಇರುವಾಗ ಕೊಯ್ದ ಗಾಯ ಸೋಂಕಾಗದೆ ಮಾಯುವುದೇ ಕಷ್ಟವಿತ್ತು.

ಮೆಡಿಕಲ್ ಶಾಪಿನ ಟ್ಯೂಬು

ಅವರ ಜೇಬಿನಲ್ಲಿದ್ದ ಟ್ಯೂಬು ಕ್ಲೋಬೆಟಾಸಾಲ್ ಎಂಬ ಅತಿ ತೀಕ್ಷ್ಣ ಸ್ಟೀರಾಯ್ಡ್, ಒಂದು ಆಂಟಿಬಯೋಟಿಕ್ ಮತ್ತು ಒಂದು ಶಿಲೀಂಧ್ರನಾಶಕ ಮೂರೂ ಸೇರಿದ್ದು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುತ್ತಿತ್ತು, ತುರಿಕೆ ನಿಲ್ಲುತ್ತಿತ್ತು, ಬಿಟ್ಟ ವಾರಕ್ಕೆ ಇಮ್ಮಡಿಯಾಗಿ ಮರಳುತ್ತಿತ್ತು. ಹೀಗೆ ಮೂರು ಟ್ಯೂಬು ಮುಗಿದಿದ್ದವು. ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿದೆ. ಆದರೂ ಕೌಂಟರಿನ ಮೇಲೆ ಬಾಯಿಮಾತಿಗೆ ಸಿಗುವ ಔಷಧಗಳಲ್ಲಿ ಇವು ಈಗಲೂ ಇವೆ. ಮಡಿಕೆಯೊಳಗಿನ ತೆಳು ಚರ್ಮ ಔಷಧವನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಇಲ್ಲಿ ತೀಕ್ಷ್ಣ ಸ್ಟೀರಾಯ್ಡ್ ಚರ್ಮವನ್ನು ಇನ್ನಷ್ಟು ತೆಳುವಾಗಿಸುತ್ತದೆ, ಶಿಲೀಂಧ್ರವನ್ನು ಅಡಗಿಸಿಟ್ಟು ಬೆಳೆಸುತ್ತದೆ.

ಸ್ಟೀರಾಯ್ಡೇ ಕೆಟ್ಟದ್ದು ಎಂದು ಇದರಿಂದ ತಿಳಿಯಬೇಕಾಗಿಲ್ಲ. ಲೈಕೆನ್ ಸ್ಕ್ಲೆರೋಸಸ್‌ನಲ್ಲಿ ಇದೇ ಕ್ಲೋಬೆಟಾಸಾಲ್ ಸರಿಯಾದ ಔಷಧ. ಮಕ್ಕಳ ಬಿಗಿ ಮುಂದೊಗಲಿಗೆ ಬೀಟಾಮೆಥಾಸೋನ್ ಲೇಪವನ್ನು ನಾಲ್ಕರಿಂದ ಎಂಟು ವಾರ ಅಂಚಿಗೆ ಮಾತ್ರ ಹಚ್ಚಿದರೆ ಬಹಳಷ್ಟು ಮಕ್ಕಳಿಗೆ ಶಸ್ತ್ರಚಿಕಿತ್ಸೆಯೇ ತಪ್ಪುತ್ತದೆ.

ಚಿಕಿತ್ಸೆ ಮತ್ತು ಹೇಳಿಕೊಟ್ಟ ಶುಚಿತ್ವ

ಔಷಧದ ಭಾಗ ಚಿಕ್ಕದು. ಫ್ಲುಕೋನಜೋಲ್ 150 ಮಿಲಿಗ್ರಾಂ ಒಂದು ಮಾತ್ರೆ, ಕ್ಲೋಟ್ರಿಮಜೋಲ್ ಶೇಕಡ 1ರ ಲೇಪ ದಿನಕ್ಕೆ ಎರಡು ಸಲ ಎರಡು ವಾರ, ಅಂಚಿಗೆ ಬರಿಯ ಪೆಟ್ರೋಲಿಯಂ ಜೆಲ್ಲಿ. ಸಕ್ಕರೆಗೆ ವೈದ್ಯಕೀಯ ವಿಭಾಗದಲ್ಲಿ ಮೆಟ್‌ಫಾರ್ಮಿನ್ ಜೊತೆ ಇನ್ನೊಂದು ಮಾತ್ರೆ ಶುರುವಾಯಿತು. ಹೆಂಡತಿಗೂ ತುರಿಕೆ, ಬಿಳಿಸೆರಗು ಇದ್ದುದರಿಂದ ಅವರನ್ನು ಸ್ತ್ರೀರೋಗ ವಿಭಾಗದಲ್ಲಿ ತೋರಿಸಿ ಒಟ್ಟಿಗೇ ಚಿಕಿತ್ಸೆ ಕೊಡಿಸಲಾಯಿತು. ಒಬ್ಬರಿಗೆ ಮಾತ್ರ ಕೊಟ್ಟಿದ್ದರೆ ಸೋಂಕು ಅವರಿಂದ ಇವರಿಗೆ, ಇವರಿಂದ ಅವರಿಗೆ ಓಡಾಡುವ ಸಾಧ್ಯತೆಯಿತ್ತು.

ಶುಚಿತ್ವದ ಮಾತಿಗೆ ಹೆಚ್ಚು ಸಮಯ ಕೊಡಬೇಕಾಯಿತು, ಏಕೆಂದರೆ ಇಲ್ಲಿ ಅವರು ಮಾಡುತ್ತಿದ್ದುದನ್ನು ಕಡಿಮೆ ಮಾಡಿಸಬೇಕಿತ್ತು. ದಿನಕ್ಕೆ ಒಂದು ಸಲ ಸ್ನಾನದ ಹೊತ್ತಿನಲ್ಲಿ ಮುಂದೊಗಲನ್ನು ನೋವಾಗದಷ್ಟು ಮಾತ್ರ ಹಿಂದೆ ಸರಿಸಿ, ಉಗುರುಬೆಚ್ಚಗಿನ ಬರಿ ನೀರನ್ನು ಹರಿಯಬಿಡುವುದು. ಒಳಗೆ ಸೋಪಿಲ್ಲ, ನಂಜುನಿರೋಧಕವಿಲ್ಲ, ಪೌಡರಿಲ್ಲ, ಉಜ್ಜುವುದಿಲ್ಲ. ಹತ್ತಿ ಬಟ್ಟೆಯನ್ನು ಮೆಲ್ಲಗೆ ಒತ್ತಿ ತೇವ ತೆಗೆಯುವುದು. ಕೊನೆಗೆ ಮುಂದೊಗಲನ್ನು ತಪ್ಪದೆ ಮುಂದಕ್ಕೆ ತರುವುದು. ಈ ಕೊನೆಯ ಮಾತನ್ನು ಅವರಿಂದಲೇ ತಿರುಗಿ ಹೇಳಿಸಿದೆ. ಹಿಂದೆ ಸರಿಸಿದ ಬಿಗಿ ಮುಂದೊಗಲು ಹಾಗೆಯೇ ಉಳಿದರೆ ಶಿಶ್ನಮಣಿಯ ಹಿಂದೆ ಉಂಗುರದಂತೆ ಕಚ್ಚಿಕೊಂಡು, ತುದಿ ಬಾತು, ರಕ್ತಸಂಚಾರಕ್ಕೇ ತೊಡಕಾಗುತ್ತದೆ. ಪ್ಯಾರಾಫೈಮೋಸಿಸ್ ಎಂಬ ಈ ಸ್ಥಿತಿ ತುರ್ತು ಚಿಕಿತ್ಸೆಯದು, ಮರುದಿನಕ್ಕೆ ಕಾಯುವಂಥದ್ದಲ್ಲ. ಆಸ್ಪತ್ರೆಗಳಲ್ಲಿ ಮೂತ್ರ ಹೊರತೆಗೆಯುವ ಕೊಳವೆ (ಕ್ಯಾಥೆಟರ್) ಹಾಕಿದ ಮೇಲೆ ಮುಂದೊಗಲನ್ನು ಮುಂದಕ್ಕೆ ತರಲು ಮರೆತು ಹೀಗಾಗುವುದುಂಟು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರೂ ಇದನ್ನು ತಿಳಿದಿರಬೇಕು.

ಇನ್ನೆರಡು ಸಣ್ಣ ಬದಲಾವಣೆ. ಮೂತ್ರ ಮಾಡುವಾಗ ಮುಂದೊಗಲನ್ನು ಸ್ವಲ್ಪ ಹಿಂದೆ ಸರಿಸಿಕೊಂಡು, ಮುಗಿದ ಮೇಲೆ ತುದಿಯನ್ನು ಒತ್ತಿ ಒರೆಸಿ ಮುಂದಕ್ಕೆ ಬಿಡುವುದರಿಂದ ಸಕ್ಕರೆಯ ಹನಿಗಳು ಒಳಗೆ ನಿಲ್ಲುವುದಿಲ್ಲ. ನೈಲಾನ್ ಬದಲು ಸಡಿಲವಾದ ಹತ್ತಿ ಒಳಉಡುಪು. ದಾರಿಯ ಢಾಬಾಗಳಲ್ಲಿ ನೀರಿನ ಅನುಕೂಲ ಹೇಗೋ ಏನೋ ಎಂದು ಅವರು ಕೇಳಿದರು. ಲಾರಿಯಲ್ಲಿ ಕುಡಿಯಲು ಇಟ್ಟುಕೊಳ್ಳುವ ಬಾಟಲಿ ನೀರೇ ಇದಕ್ಕೂ ಸಾಕು, ಒಂದು ಲೋಟಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಮೊಮ್ಮಗನ ವಿಷಯ

ಎರಡನೆಯ ಭೇಟಿಗೆ ಹೆಂಡತಿಯೂ ಬಂದಿದ್ದರು. ಅವರ ಪ್ರಶ್ನೆ ಮಗಳ ಮಗನ ಬಗ್ಗೆ. ಬಾಣಂತನಕ್ಕೆ ಬಂದಿರುವ ಮಗಳ ಕೂಸಿಗೆ ಎಣ್ಣೆ ನೀರು ಹಾಕುವಾಗ ಚರ್ಮವನ್ನು ದಿನಾ ಹಿಂದಕ್ಕೆ ಸರಿಸಿ ಬಿಡಿಸಬೇಕೆಂದು, ಇಲ್ಲದಿದ್ದರೆ ಮುಂದೆ ತಾತನಿಗಾದಂತೆ ಆಗುತ್ತದೆಂದು ನೀರು ಹಾಕುವ ಹೆಂಗಸು ಹೇಳಿದ್ದರಂತೆ. ನಮ್ಮ ಕಡೆ ಅನೇಕ ಮನೆಗಳಲ್ಲಿರುವ ಈ ರೂಢಿ ಒಳ್ಳೆಯ ಉದ್ದೇಶದ್ದೇ. ಆದರೂ ನಿಲ್ಲಿಸಬೇಕಾದದ್ದು.

ಹುಟ್ಟುವಾಗ ಮುಂದೊಗಲಿನ ಒಳಪದರ ಶಿಶ್ನಮಣಿಗೆ ಅಂಟಿಕೊಂಡೇ ಇರುತ್ತದೆ. ಅದು ದೋಷವಲ್ಲ, ಗರ್ಭದಲ್ಲಿ ಎರಡೂ ಮೇಲ್ಮೈಗಳು ಒಂದೇ ಪದರವನ್ನು ಹಂಚಿಕೊಂಡು ಬೆಳೆದಿರುತ್ತವೆ, ಹುಟ್ಟಿದ ಮೇಲೆ ಆ ಪದರದ ಕೋಶಗಳು ಮೆಲ್ಲಮೆಲ್ಲಗೆ ಉದುರಿ ಬೇರ್ಪಡಲು ವರ್ಷಗಳೇ ಬೇಕು. ಇಂಗ್ಲೆಂಡಿನ ಕೇಂಬ್ರಿಜ್‌ನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್ನರ್ 1949ರ ಡಿಸೆಂಬರಿನಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹುಟ್ಟಿದ ಗಂಡುಕೂಸುಗಳಲ್ಲಿ 4 ಶೇಕಡದಲ್ಲಿ ಮಾತ್ರ ಮುಂದೊಗಲು ಸರಿಯುತ್ತದೆ ಎಂದು ತೋರಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆಗ ವರ್ಷಕ್ಕೆ ಸುಮಾರು 16 ಎಳೆಯ ಮಕ್ಕಳು ಸುನ್ನತಿಯ ಸಂಬಂಧದಲ್ಲಿ ಸಾಯುತ್ತಿದ್ದರೆಂಬ ಲೆಕ್ಕವನ್ನೂ ಅವರು ಮುಂದಿಟ್ಟರು. ಅಲ್ಲಿ ಮಾಮೂಲಿ ಸುನ್ನತಿ ಇಳಿಮುಖವಾಗಲು ಆ ಲೇಖನವೂ ಒಂದು ಕಾರಣ. ಅವರ ಅಂಕಿಗಳು ಮೂರು ವರ್ಷಕ್ಕೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಸರಿಯುತ್ತದೆ ಎನ್ನುತ್ತವೆ, ಆದರೆ ನಂತರದ ಅಧ್ಯಯನಗಳ ಪ್ರಕಾರ ಇದಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಡೆನ್ಮಾರ್ಕಿನ ಯಾಕೋಬ್ ಓಸ್ಟರ್ 1968ರಲ್ಲಿ ಪ್ರಕಟಿಸಿದ ಶಾಲಾಮಕ್ಕಳ ಅಧ್ಯಯನದಲ್ಲಿ ಆರೇಳು ವರ್ಷದವರಲ್ಲಿ 63 ಶೇಕಡ ಮಂದಿಗೆ ಅಂಟು ಇನ್ನೂ ಇತ್ತು, ಹದಿನಾರು ಹದಿನೇಳಕ್ಕೆ ಅದು 3 ಶೇಕಡಕ್ಕೆ ಇಳಿದಿತ್ತು. ಯಾರೂ ಎಳೆದು ಬಿಡಿಸಿರಲಿಲ್ಲ, ತಾನಾಗಿ ಬಿಟ್ಟಿತ್ತು.

ಎಳೆದರೆ ಆಗುವುದೇನು? ಬೇರ್ಪಡದ ಪದರ ಹರಿದು ರಕ್ತ ಬರುತ್ತದೆ, ಹಸಿ ಮೇಲ್ಮೈಗಳು ಮತ್ತೆ ಕೂಡಿಕೊಂಡು ಗಾಯದ ಅಂಟಾಗುತ್ತವೆ, ಅಂಚಿನಲ್ಲಿ ಕಲೆ ಬಿದ್ದು ನಿಜವಾದ ಬಿಗಿ ಶುರುವಾಗುತ್ತದೆ. ಇದು ಹೊಸ ತಿಳಿವಳಿಕೆಯಲ್ಲ. ಸುಶ್ರುತ ಸಂಹಿತೆ ಕ್ಷುದ್ರರೋಗಗಳ ಪಟ್ಟಿಯಲ್ಲಿ ಪರಿವರ್ತಿಕಾ, ಅವಪಾಟಿಕಾ, ನಿರುದ್ಧಪ್ರಕಶ ಎಂಬ ಮೂರನ್ನು ಒಟ್ಟಿಗೆ ಹೇಳುತ್ತದೆ. ಅವುಗಳಲ್ಲಿ ಅವಪಾಟಿಕಾ ಎಂದರೆ ಬಲವಂತದಿಂದ ಮುಂದೊಗಲು ಸೀಳುವುದು. ಮುಂದೊಗಲಿನ ಬಾಯಿ ಬಿಗಿದುಕೊಳ್ಳುವ ನಿರುದ್ಧಪ್ರಕಶಕ್ಕೆ ತುಪ್ಪ ಸವರಿದ ಕೊಳವೆಗಳನ್ನು ಕ್ರಮೇಣ ದಪ್ಪ ಮಾಡುತ್ತಾ ಬಾಯಿ ಹಿಗ್ಗಿಸುವ ಚಿಕಿತ್ಸೆ ಅದರಲ್ಲಿದೆ. ಆ ಅಜ್ಜಿಗೆ ಹೇಳಿದ್ದು ಇಷ್ಟೇ: ಕೂಸಿಗೆ ಹೊರಗಿನಿಂದ ನೀರು ಹಾಕಿ ಸಾಕು, ಒಳಗಿನದನ್ನು ಯಾರೂ ಮುಟ್ಟುವುದು ಬೇಡ, ಹುಡುಗ ದೊಡ್ಡವನಾದಾಗ ತಾನೇ ಸರಿಸಿ ತೊಳೆದುಕೊಳ್ಳುವುದನ್ನು ಅಪ್ಪ ಹೇಳಿಕೊಡಲಿ. ಮೂತ್ರ ಮಾಡುವಾಗ ತುದಿ ಬುಗ್ಗೆಯಂತೆ ಉಬ್ಬಿದರೂ ಧಾರೆ ಚೆನ್ನಾಗಿದ್ದು ನೋವಿಲ್ಲದಿದ್ದರೆ ಗಾಬರಿಯಿಲ್ಲ. ಜ್ವರ, ಕೀವು, ಧಾರೆ ಕಟ್ಟುವುದು, ಬಿಳಿ ಗಡುಸು ಉಂಗುರ ಇದ್ದರೆ ಮಾತ್ರ ತೋರಿಸಬೇಕು.

ಶಸ್ತ್ರಚಿಕಿತ್ಸೆಯ ಪ್ರಶ್ನೆ

ರೋಗಿ ಕೇಳಿಬಂದ ಚೀಟಿಯನ್ನು ಅಂದು ಬರೆಯಲಿಲ್ಲ, ಆದರೆ ಎಂದೂ ಬರೆಯುವುದಿಲ್ಲ ಎಂದೂ ಹೇಳಲಿಲ್ಲ. ಲೈಕೆನ್ ಸ್ಕ್ಲೆರೋಸಸ್ ಔಷಧಕ್ಕೆ ಜಗ್ಗದಿದ್ದಾಗ, ಕಲೆಗಟ್ಟಿದ ಬಿಗಿ ಬಿಡದಿದ್ದಾಗ, ಪ್ಯಾರಾಫೈಮೋಸಿಸ್ ಮರುಕಳಿಸಿದಾಗ, ಒಳಗೆ ಏನಿದೆ ಎಂದೇ ನೋಡಲಾಗದಷ್ಟು ಮುಚ್ಚಿಕೊಂಡಾಗ ಸುನ್ನತಿಯೇ ಸರಿಯಾದ ಚಿಕಿತ್ಸೆ. ಬಹುಕಾಲ ಸರಿಯದೆ ಉಳಿದ ಮುಂದೊಗಲು ಶಿಶ್ನದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ, ಧೂಮಪಾನ ಮತ್ತು ಎಚ್‌ಪಿವಿ ಎಂಬ ವೈರಸ್ಸಿನ ಸೋಂಕು ಅದಕ್ಕೆ ಕೂಡಿಕೊಳ್ಳುತ್ತವೆ. ಇವರು ಬೀಡಿ ಸೇದುತ್ತಿದ್ದುದರಿಂದ ಇದನ್ನು ಮುಚ್ಚಿಡದೆ ಹೇಳಿದೆ.

ಎಚ್‌ಐವಿಯ ಮಾತೂ ಬಂತು. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೆನ್ಯಾದ ಕಿಸುಮು, ಉಗಾಂಡದ ರಾಕಾಯ್‌ಗಳಲ್ಲಿ ನಡೆದು 2005 ಮತ್ತು 2007ರಲ್ಲಿ ಪ್ರಕಟವಾದ ಮೂರು ದೊಡ್ಡ ಪ್ರಯೋಗಗಳು, ಹೆಣ್ಣಿನಿಂದ ಗಂಡಿಗೆ ಸೋಂಕು ತಗಲುವ ಅಪಾಯ ಸುನ್ನತಿಯಿಂದ ಶೇಕಡ 50ರಿಂದ 60ರಷ್ಟು ತಗ್ಗುತ್ತದೆಂದು ತೋರಿಸಿದವು. ಒಳಪದರದಲ್ಲಿ ಪಹರೆ ಕಾಯುವ ಲ್ಯಾಂಗರ್‌ಹ್ಯಾನ್ಸ್ ಕೋಶಗಳಂಥ ರೋಗನಿರೋಧಕ ಕೋಶಗಳೇ ಆ ವೈರಸ್ಸಿಗೆ ಬಾಗಿಲಾಗುತ್ತವೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಮುಂದೊಗಲಿನ ಪರವಾಗಿ ಬರೆಯುವವರು ಈ ಸಂಗತಿಯನ್ನು ಜಾರಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದನ್ನು ಶಿಫಾರಸು ಮಾಡಿದ್ದು ಸೋಂಕು ಬಹಳ ಹರಡಿರುವ ಪ್ರದೇಶಗಳಿಗೆ, ಅದೂ ಕಾಂಡೋಮ್ ಮೊದಲಾದವುಗಳ ಜೊತೆಗೆ. ಧರ್ಮದ ಕಾರಣಕ್ಕೆ ಸುನ್ನತಿ ಮಾಡಿಸಿಕೊಂಡವರು ನಮ್ಮ ನಡುವೆ ಲಕ್ಷಾಂತರ ಮಂದಿ ಆರೋಗ್ಯವಾಗಿದ್ದಾರೆ. ಅದು ಈ ಪ್ರಕರಣದ ವಿಷಯವಲ್ಲ. ಸಕ್ಕರೆ, ಸೋಪು ಮತ್ತು ಸ್ಟೀರಾಯ್ಡ್ ಮಾಡಿದ ಹಾನಿಗೆ ಚರ್ಮವನ್ನು ಹೊಣೆ ಮಾಡಿ ತೆಗೆಯಬೇಕೇ ಎಂಬುದಷ್ಟೇ ಇಲ್ಲಿನ ಪ್ರಶ್ನೆಯಾಗಿತ್ತು.

ಮುಂದಿನ ಭೇಟಿಗಳು

ಎರಡು ವಾರಕ್ಕೆ ಬಿಳಿ ಲೇಪ ಹೋಗಿತ್ತು, ಸೀಳುಗಳು ಮಾಯ್ದಿದ್ದವು, ಸೂಕ್ಷ್ಮದರ್ಶಕದಡಿ ಯೀಸ್ಟ್ ಕಾಣಲಿಲ್ಲ. ಸೋಪು ಬಿಟ್ಟ ಮೊದಲ ಕೆಲವು ದಿನ ಏನೋ ಗಲೀಜಾಗಿದ್ದೇನೆ ಅನ್ನಿಸುತ್ತಿತ್ತು ಎಂದು ಅವರು ಹೇಳಿದರು. ಆರು ವಾರಕ್ಕೆ ಮುಂದೊಗಲು ನೋವಿಲ್ಲದೆ ಹೆಚ್ಚುಕಡಿಮೆ ಪೂರ್ತಿ ಸರಿಯುತ್ತಿತ್ತು, ಒಂದು ಬದಿಯ ಅಂಚಿನಲ್ಲಿ ಮಾತ್ರ ಗಡುಸು ಕಲೆ ಉಳಿದಿತ್ತು. ಮೂರು ತಿಂಗಳಿಗೆ ಎಚ್‌ಬಿಎ1ಸಿ 7.6ಕ್ಕೆ ಬಂತು. ಬೀಡಿ ಮಾತ್ರ ಇನ್ನೂ ಬಿಟ್ಟಿಲ್ಲ.

ಆ ಕಲೆಯ ಮೇಲೆ ಕಣ್ಣಿಟ್ಟಿದ್ದೇವೆ. ಅದು ಬೆಳ್ಳಗಾದರೆ ಇಲ್ಲವೇ ಮತ್ತೆ ಬಿಗಿದರೆ ಸಣ್ಣ ತುಣುಕು ತೆಗೆದು ಬಯಾಪ್ಸಿಗೆ ಕಳಿಸುವುದು, ಬೇಕಾದರೆ ಶಸ್ತ್ರಚಿಕಿತ್ಸಕರೊಂದಿಗೆ ಮಾತಾಡುವುದು ಎಂದು ದಾಖಲೆಯಲ್ಲಿ ಬರೆದಿದೆ. ಅವರ ಸಕ್ಕರೆ ಪುಸ್ತಕದ ಮೊದಲ ಪುಟದಲ್ಲಿ ಇನ್ನೊಂದು ಸಾಲು ಸೇರಿಸಿಕೊಟ್ಟಿದ್ದೇನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯವು, ಈಗ ಬೆಲೆಯೂ ಇಳಿದು ಬಳಕೆ ಹೆಚ್ಚಿದೆ, ಆದರೆ ಜನನಾಂಗದ ಶಿಲೀಂಧ್ರ ಸೋಂಕು ಅವುಗಳ ಗೊತ್ತಿರುವ ಅಡ್ಡಪರಿಣಾಮ. ಮುಂದೆಂದಾದರೂ ಬೇರೆ ಊರಿನ ವೈದ್ಯರು ಇವರಿಗೆ ಅವನ್ನು ಬರೆಯುವುದಾದರೆ, ಹಿಂದೆ ಕ್ಯಾಂಡಿಡಾ ಉರಿಯೂತ ಮತ್ತು ಸೀಳುಗಳಾಗಿದ್ದವು ಎಂಬುದನ್ನು ನೋಡಿ, ತೊಳೆದು ಒಣಗಿಸುವ ಕ್ರಮವನ್ನು ಇನ್ನೊಮ್ಮೆ ಹೇಳಿ ಬರೆಯಲಿ ಎಂಬುದಕ್ಕಾಗಿ ಆ ಸಾಲು.